ನನ್ನದೇ ಡೈನಮೋವನ್ನು ನನಗೇ ಮಾರಿದರು: ಹಳೆಯ ಅಂಬಾಸಿಡರ್ ಇಟ್ಟುಕೊಂಡವರು ಓದಿ

ಏಳೂವರೆ ಸಾವಿರ ರೂಪಾಯಿ. ನನ್ನ ಕಾರಿನ ಡೈನಮೋವನ್ನು, ಎಂದರೆ ಎಂಜಿನ್ ಓಡುವಾಗ ಬ್ಯಾಟರಿ ಚಾರ್ಜ್ ಮಾಡುವ ಯಂತ್ರವನ್ನು, ನನ್ನ ಕಣ್ಣೆದುರೇ ಬಿಚ್ಚಿಕೊಂಡು ಹೋಗಿ, ಮೇಲೊಂದು ಕೋಟು ಕರಿ ಬಣ್ಣ ಹೊಡೆದು, ಚೆನ್ನೈಯಿಂದ ತರಿಸಿದ್ದೆಂದು ಹೇಳಿ ನನಗೇ ಮಾರಿದರು. ನಾನು ಕೊಂಡೆ. ಎಂಟು ಸಾವಿರ ಹೇಳಿದ್ದನ್ನು ಚೌಕಾಸಿ ಮಾಡಿ ಐನೂರು ಇಳಿಸಿದೆನೆಂದು ಮನೆಯಲ್ಲಿ ಹೇಳಿಕೊಂಡು ಮೆರೆದೆ ಕೂಡ. ನಾಚಿಕೆಯಿಂದ ಮೂರು ವಾರ ಬಾಯಿ ಮುಚ್ಚಿಕೊಂಡಿದ್ದೆ. ಮೊನ್ನೆ ನಂಜನಗೂಡಿನ ಪರಿಚಯದವರೊಬ್ಬರು ತಮ್ಮ ಹಳೆಯ ಫಿಯೆಟ್ಟಿಗೆ ವೈರಿಂಗ್ ಮಾಡಿಸಲು ಇದೇ ಮನುಷ್ಯನಿಗೆ ಮುಂಗಡ ಕೊಡಲು ಹೊರಟಿದ್ದಾರೆಂದು ಗೊತ್ತಾಯಿತು. ಇನ್ನು ಸುಮ್ಮನಿರುವುದು ತಪ್ಪು.

ಹೆಸರು ಬರೆಯುವುದಿಲ್ಲ. ಬಿಲ್ ಇಲ್ಲದ ವ್ಯವಹಾರ, ನಾಳೆ ನನ್ನ ಮೇಲೆಯೇ ತಿರುಗಿಬಿದ್ದಾನು. ಮೈಸೂರಿಗೂ ಮಂಡ್ಯಕ್ಕೂ ಓಡಾಡಿಕೊಂಡು, ಹಳೆಯ ಕಾರುಗಳ ವೈರಿಂಗ್ ಮಾಡುತ್ತೇನೆ, ಸಿಗದ ಬಿಡಿಭಾಗ ಹುಡುಕಿ ಕೊಡುತ್ತೇನೆ ಎನ್ನುವ ಆಟೋ ಎಲೆಕ್ಟ್ರಿಷಿಯನ್ ಒಬ್ಬ ಎಂದರೆ ಸಾಕು. ಮೊದಲು ನಾನೂ 'ಅವರು' ಎಂದೇ ಕರೆಯುತ್ತಿದ್ದೆ. ಈಗ ಬಹುವಚನ ಬಾಯಿಗೆ ಬರುವುದಿಲ್ಲ, ಕ್ಷಮಿಸಿ.

ಕಾರು 1977ರ ಅಂಬಾಸಿಡರ್ ಮಾರ್ಕ್ 3. ಅಪ್ಪ 1984ರಲ್ಲಿ ಸೆಕೆಂಡ್ ಹ್ಯಾಂಡ್ ಕೊಂಡದ್ದು. ಪಾಂಡವಪುರದಲ್ಲಿ ಹೈಸ್ಕೂಲಿನ ವಿಜ್ಞಾನದ ಮೇಷ್ಟ್ರಾಗಿದ್ದರು. ಯಾವ ವಸ್ತು ರಿಪೇರಿಯಾಗಿ ಬಂದರೂ ಅದರ ಮೇಲೆ ಕೈವಾರದ ಮೊನೆಯಿಂದ ದಿನಾಂಕ ಕೊರೆಯುವುದು ಅವರ ಚಟ. ನಮ್ಮ ಮನೆಯ ಫ್ಯಾನಿನ ರೆಕ್ಕೆಯ ಮೇಲೆ, ಕುಕ್ಕರಿನ ಹಿಡಿಯ ಮೇಲೆ, ಗಡಿಯಾರದ ಬೆನ್ನ ಮೇಲೆ ಇವತ್ತಿಗೂ ಅವರ ಅಕ್ಷರವಿದೆ. ಈ ಚಟದ ವಿಷಯ ನೆನಪಿರಲಿ.

ಅಪ್ಪ ತೀರಿಕೊಂಡ ಮೇಲೆ ಕಾರು ಒಂಬತ್ತು ವರ್ಷ ಸರಸ್ವತಿಪುರಂನ ಮನೆಯ ಶೆಡ್ಡಿನಲ್ಲಿ ನಿಂತಿತ್ತು. ಶ್ರೀರಂಗಪಟ್ಟಣದ ಹತ್ತಿರದ ಪಯಣ ಸಂಗ್ರಹಾಲಯದಲ್ಲಿ ಥಳಥಳ ಹೊಳೆಯುವ ಹಳೆಯ ಕಾರುಗಳನ್ನು ನೋಡಿ ಬಂದ ಭಾನುವಾರ ನನಗೆ ಹುಚ್ಚು ಹತ್ತಿತು. ಆಯುಧಪೂಜೆಯ ದಿನ ಅಂಬಾಸಿಡರ್ ಚಕ್ರದಡಿಗೆ ನಿಂಬೆಹಣ್ಣು ಇಡಲೇಬೇಕು ಎಂದುಕೊಂಡೆ. ಎಂಜಿನ್ ಕೆಲಸ ಬೇಗ ಮುಗಿಯಿತು. ಟ್ಯಾಂಕಿನ ತುಕ್ಕು ತೆಗೆಸಿ, ಕಾರ್ಬ್ಯುರೇಟರ್ ತೊಳೆಸಿ, ಪಾಯಿಂಟ್ ಉಜ್ಜಿಸಿದ ಮೇಲೆ ಎರಡನೆಯ ಸೆಲ್ಫ್ ಸ್ಟಾರ್ಟಿಗೇ ಹೊತ್ತಿಕೊಂಡಿತು. ಉಳಿದದ್ದು ಎರಡೇ ತೊಂದರೆ. ಡ್ಯಾಶ್‌ಬೋರ್ಡಿನ ಕೆಂಪು ಚಾರ್ಜಿಂಗ್ ದೀಪ ಆರುತ್ತಿರಲಿಲ್ಲ. ಹಿಂದಿನ ಎಡಗಡೆಯ ದೀಪ ಮಂಕಾಗಿತ್ತು. ಎರಡೇ ತೊಂದರೆ! ಇಷ್ಟಕ್ಕೆ ನನ್ನಿಂದ ಮೂವತ್ತೊಂದು ಸಾವಿರ ಕಿತ್ತ.

ಮೊದಲ ದಿನ ಬಂದವನು ಬಾನೆಟ್ ಎತ್ತಿ ಒಂದು ನಿಮಿಷ ಮಾತಾಡಲಿಲ್ಲ. ಆಮೇಲೆ ನಿಟ್ಟುಸಿರು ಬಿಟ್ಟ. ಡಾಕ್ಟರು ಎಕ್ಸ್‌ರೇ ನೋಡಿ ಬಿಡುವಂಥ ನಿಟ್ಟುಸಿರು. "ಸರ್, ಡೈನಮೋ ಆರ್ಮೇಚರ್ ಸುಟ್ಟಿದೆ. ಕಟೌಟ್ ಹೋಗಿದೆ. ವೈರಿಂಗ್ ಪೂರ್ತಿ ಸತ್ತಿದೆ" ಎಂದ. ಆರ್ಮೇಚರ್ ಎಂದರೆ ಡೈನಮೋದೊಳಗೆ ತಿರುಗುವ, ತಂತಿ ಸುತ್ತಿದ ಭಾಗ. ಕಟೌಟ್ ಎಂದರೆ ಡೈನಮೋಗೂ ಬ್ಯಾಟರಿಗೂ ನಡುವೆ ಕರೆಂಟನ್ನು ಹಿಡಿತದಲ್ಲಿಡುವ ಪೆಟ್ಟಿಗೆ. ಮೀಟರ್ ಇಟ್ಟು ನೋಡಿದನೇ? ಇಲ್ಲ. ಬರೀ ಕೈಯಿಂದ ತಟ್ಟಿ ಹೇಳಿದ. ಇಗ್ನಿಷನ್ ಸ್ವಿಚ್ಚಿನ ಹಿಂದೆ ಕರಕಲಾಗಿದ್ದ ಒಂದು ಗೇಣು ವೈರನ್ನು ಎಳೆದು ತೋರಿಸಿ, "ಒಂದು ಸುಟ್ಟಿತೆಂದರೆ ಇಡೀ ಕಿಟ್ ಹೋದ ಹಾಗೆಯೇ ಸರ್" ಎಂದ. ನಾನು ತಲೆಯಾಡಿಸಿದೆ. ಇಪ್ಪತ್ತೆಂಟು ವರ್ಷ ಲೆಕ್ಕಪತ್ರ ನೋಡಿಕೊಂಡು ಬಂದವನು, ಒಂದೇ ಒಂದು ಪ್ರಶ್ನೆ ಕೇಳದೆ ತಲೆಯಾಡಿಸಿದೆ.

ಬಿಡಿಭಾಗದ ಬೆಲೆ ಕೇಳಿದಾಗಲೆಲ್ಲ ಅವನದು ಒಂದೇ ಉತ್ತರ: "ಉತ್ತರಪಾರಾದ ಕಾರ್ಖಾನೆಯೇ 2014ರಲ್ಲಿ ನಿಂತುಹೋಯಿತು ಸರ್, ಮಾಲು ಎಲ್ಲಿಂದ ಬರಬೇಕು?" ಅಂಬಾಸಿಡರ್ ತಯಾರಾಗುತ್ತಿದ್ದ ಆ ಕಾರ್ಖಾನೆ ನಿಂತದ್ದು ನಿಜ. ಆದರೆ ಬೆಂಗಳೂರಿನ ಜೆ.ಸಿ. ರಸ್ತೆಯಲ್ಲಿ ನಾಲ್ಕು ಅಂಗಡಿ ವಿಚಾರಿಸುವಷ್ಟು ವ್ಯವಧಾನ ನನಗಿದ್ದಿದ್ದರೆ ಈ ಬರಹವೇ ಬೇಕಿರಲಿಲ್ಲ. ಅವನು ಚೆನ್ನೈಯ ಪುದುಪೇಟೆ ಎಂದ. ಅಲ್ಲಿ ಹಳೆಯ ಗಾಡಿಗಳನ್ನು ಒಡೆದು ಮಾರುತ್ತಾರೆ, ತನಗೆ ಗೊತ್ತಿರುವ ಒಬ್ಬ ಇದ್ದಾನೆ, ಲೂಕಾಸ್ ಕಂಪನಿಯ ಡೈನಮೋ ಎತ್ತಿಡಲು ಹೇಳುತ್ತೇನೆ ಎಂದ. ನನ್ನ ಹಳೆಯ ಡೈನಮೋ, ಕಟೌಟ್, ವೈರಿಂಗ್ ಕಿಟ್ ಮೂರನ್ನೂ ಚೀಲಕ್ಕೆ ತುಂಬಿಕೊಂಡು, "ಇದು ಗುಜರಿ ಸರ್, ತೂಕಕ್ಕೆ ಹಾಕಿ ಬರುವ ನಾನೂರು ರೂಪಾಯಿಯನ್ನು ನಿಮ್ಮ ಲೆಕ್ಕದಲ್ಲಿ ಕಳೆಯುತ್ತೇನೆ" ಎಂದ. ಎಂಥ ಪ್ರಾಮಾಣಿಕ ಎಂದುಕೊಂಡೆ! ಆ ನಾನೂರನ್ನು ಕೊನೆಗೂ ಕಳೆಯಲಿಲ್ಲ, ಅದು ಬೇರೆ ಮಾತು.

ಹನ್ನೊಂದು ದಿನದ ನಂತರ 'ಚೆನ್ನೈ ಮಾಲು' ಬಂತು. ಹಳೆಯ ದಿನಪತ್ರಿಕೆಯಲ್ಲಿ ಸುತ್ತಿತ್ತು. ಕನ್ನಡ ದಿನಪತ್ರಿಕೆ. ಅಷ್ಟಾದರೂ ನನಗೆ ಹೊಳೆಯಬೇಡವೇ? ಕಪ್ಪಗೆ ಮಿರಿಮಿರಿ ಮಿಂಚುತ್ತಿತ್ತು. ಕೂಡಿಸಿದ, ಎಂಜಿನ್ ಚಾಲೂ ಮಾಡಿದ, ಕೆಂಪು ದೀಪ ಆರಿತು. ನಾನು ಕೈಮುಗಿಯುವುದೊಂದು ಬಾಕಿ.

ವೈರಿಂಗ್ ಮಾತ್ರ ಮೊದಲ ವಾರದಲ್ಲೇ ಬಣ್ಣ ಬಿಟ್ಟಿತು. ಬಣ್ಣದ್ದೇ ಕಥೆ ಅದು. ಅಂಬಾಸಿಡರ್ ಮೂಲತಃ ಇಂಗ್ಲೆಂಡಿನ ಮಾರಿಸ್ ಆಕ್ಸ್‌ಫರ್ಡ್. ಅದರ ವೈರಿಂಗಿಗೆ ಲೂಕಾಸ್ ಬಣ್ಣಗಳ ಕ್ರಮವಿದೆ. ಕಂದು ಎಂದರೆ ಬ್ಯಾಟರಿಯಿಂದ ನೇರ ಬಂದದ್ದು, ಬಿಳಿ ಎಂದರೆ ಇಗ್ನಿಷನ್, ಹಸಿರು ಎಂದರೆ ಇಗ್ನಿಷನ್ನಿನಿಂದ ಫ್ಯೂಸ್ ದಾಟಿ ಬಂದದ್ದು, ನೀಲಿ ಹೆಡ್‌ಲೈಟಿಗೆ, ಕೆಂಪು ಪಾರ್ಕಿಂಗ್ ಮತ್ತು ಹಿಂದಿನ ದೀಪಗಳಿಗೆ, ಕಪ್ಪು ಅರ್ತ್, ಎಂದರೆ ಕರೆಂಟು ಕಾರಿನ ಲೋಹದ ಮೈಗೆ ಇಳಿಯುವ ದಾರಿ. ಈ ಕ್ರಮ ಗೊತ್ತಿದ್ದರೆ ನಲವತ್ತು ವರ್ಷದ ನಂತರವೂ ಯಾವ ವೈರ್ ಎಲ್ಲಿಗೆ ಹೋಗುತ್ತದೆಂದು ಕಣ್ಣಿನಿಂದಲೇ ಹೇಳಬಹುದು. ಹದಿನಾಲ್ಕು ಸಾವಿರಕ್ಕೆ 'ಹಳೆಯ ಸ್ಟಾಕಿನ ಒರಿಜಿನಲ್ ಕಿಟ್' ಎಂದು ಆತ ಹಾಕಿದ್ದೇನು ಗೊತ್ತೇ? ಕೆಂಪು ಮತ್ತು ಕಪ್ಪು. ಬರೀ ಕೆಂಪು, ಬರೀ ಕಪ್ಪು! ಮನೆಯ ಸ್ಪೀಕರಿಗೆ ಎಳೆಯುವ ತಂತಿಯ ಹಾಗೆ. ಜೋಡಣೆಗಳಿಗೆ ಬೆಸುಗೆಯಿಲ್ಲ, ಕ್ಲಿಪ್ಪಿಲ್ಲ. ಎಳೆ ತಿರುಚಿ ಟೇಪ್ ಸುತ್ತಿದ್ದಾನೆ, ಅಷ್ಟೇ. "ಬಣ್ಣ ಬೇರೆಯಾದರೆ ಕರೆಂಟಿಗೆ ಗೊತ್ತಾಗುತ್ತದೆಯೇ ಸರ್?" ಎಂದು ನಕ್ಕ. ಕರೆಂಟಿಗೆ ಗೊತ್ತಾಗುವುದಿಲ್ಲ, ನಾಳೆ ರಿಪೇರಿ ಮಾಡುವವನಿಗೆ ಗೊತ್ತಾಗಬೇಡವೇ!

ಮಂಕಾಗಿದ್ದ ದೀಪ ಸರಿಯಾಯಿತೇ? ಅದೂ ಇಲ್ಲ. ಈಗ ಬ್ರೇಕ್ ಒತ್ತಿದರೆ ಎಡಗಡೆಯ ಇಂಡಿಕೇಟರ್ ಮಿಣುಗುತ್ತಿತ್ತು. ಇಂಡಿಕೇಟರ್ ಹಾಕಿದರೆ ಪಾರ್ಕಿಂಗ್ ದೀಪ ಕಣ್ಣು ಹೊಡೆಯುತ್ತಿತ್ತು. ದೀಪದ ಅರ್ತ್ ಸರಿಯಿಲ್ಲದಿದ್ದರೆ ಕರೆಂಟು ಕಾರಿನ ಮೈಗೆ ಇಳಿಯಲಾಗದೆ ಪಕ್ಕದ ಬಲ್ಬಿನ ಮೂಲಕ ದಾರಿ ಹುಡುಕುತ್ತದೆ. ಹಳೆಯ ಕಾರುಗಳಲ್ಲಿ ಮೊದಲು ನೋಡಬೇಕಾದದ್ದೇ ಅದು. ದೀಪದ ಬುಡದ ಸ್ಕ್ರೂ ಬಿಚ್ಚಿ, ತುಕ್ಕನ್ನು ಮರಳು ಕಾಗದದಿಂದ ಉಜ್ಜಿ, ಮತ್ತೆ ಬಿಗಿದರೆ ಮುಗಿಯಿತು. ಹತ್ತು ರೂಪಾಯಿಯ ಕಾಗದ. ಅದಕ್ಕೆ ಇಡೀ ಕಾರಿನ ನರ ಕಿತ್ತು ಹಾಕಿದ್ದಾನೆ.

ಒಂದು ಸಂಜೆ ಹಾರ್ಡಿಂಜ್ ವೃತ್ತದಲ್ಲಿ ಡ್ಯಾಶ್‌ಬೋರ್ಡಿನ ಕೆಳಗಿನಿಂದ ಹೊಗೆ ಬಂತು. ಜೊತೆಯಲ್ಲಿ ಹೆಂಡತಿ, ಅತ್ತೆ. ಟ್ರಾಫಿಕ್ ಪೊಲೀಸರೇ ಓಡಿ ಬಂದು ಬ್ಯಾಟರಿಯ ತಂತಿ ಕೀಳಿಸಿದರು. ನೋಡಿದರೆ ಹಾರ್ನಿನ ವೈರು ಸವೆದು ಕಾರಿನ ಮೈಗೆ ತಾಗಿದೆ. ಫ್ಯೂಸ್ ಹೋಗಬೇಕಿತ್ತಲ್ಲ? ಈ ಕಾರಿನಲ್ಲಿ ಇರುವುದೇ ಎರಡು ಗಾಜಿನ ಫ್ಯೂಸ್. ಒಂದರ ಜಾಗದಲ್ಲಿ ಆ ಮಹಾಶಯ ತಾಮ್ರದ ಎಳೆಗಳ ಕಂತೆ ಸುತ್ತಿಟ್ಟಿದ್ದ. ಫ್ಯೂಸಿನ ಬದಲು ವೈರೇ ಸುಟ್ಟಿತು. ಅಂದೇ ಫೋನ್ ಮಾಡಿದೆ. "ಫ್ಯೂಸ್ ಪದೇಪದೇ ಹೋಗುತ್ತಿತ್ತು ಸರ್, ನಿಮಗೆ ತೊಂದರೆಯಾಗಬಾರದೆಂದು ಹಾಗೆ ಮಾಡಿದೆ." ನನಗೆ ತೊಂದರೆಯಾಗಬಾರದಂತೆ!

ಇಷ್ಟಾದರೂ ಡೈನಮೋದ ವಿಷಯದಲ್ಲಿ ಅವನ ಮೇಲೆ ನಂಬಿಕೆಯಿತ್ತು. ಅದೊಂದನ್ನಾದರೂ ಸರಿಯಾಗಿ ತಂದುಕೊಟ್ಟಿದ್ದಾನೆ ಎಂದುಕೊಂಡಿದ್ದೆ.

ದಸರೆ ಕಳೆದ ಮೇಲೆ ಒಂದು ಬೆಳಿಗ್ಗೆ ಫ್ಯಾನ್ ಬೆಲ್ಟ್ ಕೀರಲು ಶುರುವಾಯಿತು. ಬೆಲ್ಟ್ ಬಿಗಿ ಮಾಡಬೇಕೆಂದರೆ ಡೈನಮೋದ ಬೋಲ್ಟ್ ಸಡಿಲಿಸಿ ಅದನ್ನು ಹೊರಕ್ಕೆ ಎಳೆಯಬೇಕು. ಅಷ್ಟು ನನಗೂ ಗೊತ್ತು. ಎಣ್ಣೆ ಜಿಡ್ಡು ಇತ್ತೆಂದು ಸೀಮೆಎಣ್ಣೆಯ ಬಟ್ಟೆಯಿಂದ ಒರೆಸಿದೆ. ಬಣ್ಣ ಕೈಗೆ ಬಂತು. ಜಿಡ್ಡಿನ ಮೇಲೆಯೇ ಹೊಡೆದಿದ್ದ ಬಣ್ಣ, ಹಪ್ಪಳದ ಹಾಗೆ ಎದ್ದು ಬಂತು. ಅದರಡಿಯಲ್ಲಿ ಏನೋ ಗೀರು. ಕನ್ನಡಕ ಹಾಕಿಕೊಂಡು ಮತ್ತೆ ಒರೆಸಿದೆ. ಮೊದಲು '91' ಕಂಡಿತು. ಅದರ ಹಿಂದೆ '14-8'. ಮೇಲುಗಡೆ, ಗುಂಡಗುಂಡಗಿನ ಅಕ್ಷರದಲ್ಲಿ, 'ಸುತ್ತಿಸಿದ್ದು'.

ಅಪ್ಪ ವೈಂಡಿಂಗ್ ಮಾಡಿಸಿದ, ಎಂದರೆ ಒಳಗಿನ ತಂತಿಯನ್ನು ಹೊಸದಾಗಿ ಸುತ್ತಿಸಿದ ದಿನಾಂಕ. ಅಪ್ಪನ 'ಸು', ಕೊಂಬು ಉದ್ದಕ್ಕೆ ಎಳೆದು ಬರೆಯುವ ಅದೇ 'ಸು'. ಶೆಡ್ಡಿನ ನೆಲದ ಮೇಲೆ ಕುಳಿತುಬಿಟ್ಟೆ. ಹೆಂಡತಿ ಕಾಫಿ ತಂದವಳು ನೋಡಿ, ಓದಿ, ಒಂದು ಗಳಿಗೆ ಸುಮ್ಮನಿದ್ದು, "ಅಲ್ಲ ರೀ, ಮಾವನವರ ಕೈಬರಹಕ್ಕೂ ದುಡ್ಡು ಕೊಟ್ಟು ಬಂದಿದ್ದೀರಾ?" ಎಂದಳು.

ಫೋನ್ ಮಾಡಿದೆ. ಅವನ ಉತ್ತರಗಳನ್ನು ಒಂದೂ ಬಿಡದೆ ಬರೆಯುತ್ತೇನೆ, ಏಕೆಂದರೆ ನಿಮಗೂ ಇವೇ ಸಿಗುತ್ತವೆ.

"ಆ ಕಾಲದಲ್ಲಿ ಎಲ್ಲರೂ ದಿನಾಂಕ ಕೆತ್ತುತ್ತಿದ್ದರು ಸರ್."

"ಚೆನ್ನೈಯಲ್ಲಿ? ಕನ್ನಡದಲ್ಲಿ?"

"ಪುದುಪೇಟೆಗೆ ಎಲ್ಲ ರಾಜ್ಯದ ಗಾಡಿಗಳೂ ಬರುತ್ತವೆ ಸರ್."

"ಇದು ನಮ್ಮ ತಂದೆಯ ಅಕ್ಷರ."

ಸ್ವಲ್ಪ ಹೊತ್ತು ಮೌನ. ಆಮೇಲೆ ಹೇಳಿದ ಮಾತನ್ನು ನಾನು ಸಾಯುವವರೆಗೂ ಮರೆಯುವುದಿಲ್ಲ: "ಹಾಗಾದರೆ ಒಳ್ಳೆಯದೇ ಆಯಿತಲ್ಲ ಸರ್, ನಿಮ್ಮ ವಸ್ತು ನಿಮಗೇ ಬಂದು ಸೇರಿತು."

ಒಳ್ಳೆಯದೇ ಆಯಿತಂತೆ. ನಾನು ಕೂಗಾಡಿದೆ. ಆಗ ಕಥೆ ಬದಲಾಯಿತು. ಅಂಗಡಿಯ ಹುಡುಗ ಚೀಲ ಅದಲುಬದಲು ಮಾಡಿರಬೇಕಂತೆ. ಮರುದಿನ ಇನ್ನೊಂದು ಕಥೆ: ಆ ಏಳೂವರೆ ಸಾವಿರ ವಸ್ತುವಿನ ಬೆಲೆಯಲ್ಲ, ರಿಪೇರಿಯ ಕೂಲಿ. "ಸತ್ತ ಡೈನಮೋಗೆ ಜೀವ ಕೊಟ್ಟಿದ್ದೇನೆ, ಕೂಲಿ ಬೇಡವೇ?" ಮೂರನೆಯ ದಿನ ನನ್ನ ನಂಬರನ್ನೇ ಬ್ಲಾಕ್ ಮಾಡಿದ.

ಹೇಗೆ ಜೀವ ಕೊಟ್ಟನೆಂದು ಆಮೇಲೆ ತಿಳಿಯಿತು. ಲಷ್ಕರ್ ಮೊಹಲ್ಲಾದ ಹಿರಿಯ ಮೇಸ್ತ್ರಿಯೊಬ್ಬರಿಗೆ ಕಾರು ತೋರಿಸಿದೆ. ಅವರು ಡೈನಮೋ ಬಿಚ್ಚಿ ನೋಡಿ, "ಇದರ ವೈಂಡಿಂಗನ್ನು ಈಚೆಗೆ ಯಾರೂ ಮುಟ್ಟಿಲ್ಲ, ಬ್ರಶ್ ಕೂಡ ಹಳೆಯದೇ" ಎಂದರು. ಡೈನಮೋ ಕೆಲಸ ಶುರು ಮಾಡಲು ಅದರೊಳಗಿನ ಕಬ್ಬಿಣದಲ್ಲಿ ಒಂದಿಷ್ಟು ಅಯಸ್ಕಾಂತ ಶಕ್ತಿ ಉಳಿದಿರಬೇಕಂತೆ. ವರ್ಷಗಟ್ಟಲೆ ನಿಂತ ಗಾಡಿಯಲ್ಲಿ ಅದು ಹೊರಟುಹೋಗಬಹುದು. ಆಗ ಎಫ್ ಎಂದು ಗುರುತಿರುವ ವೈರನ್ನು ಕಟೌಟಿನಿಂದ ಬಿಚ್ಚಿ, ಅದರ ತುದಿಗೆ ಬ್ಯಾಟರಿಯ ಕರೆಂಟನ್ನು ಒಂದು ಕ್ಷಣ ತಾಗಿಸಿದರೆ ಶಕ್ತಿ ಮರಳಿ ಬರುತ್ತದೆ. ಒಂದು ಕ್ಷಣ! ಕಿಡಿ ಹಾರುವಷ್ಟು ಹೊತ್ತು! ಅಷ್ಟು ಹೊತ್ತಿನ ಕೆಲಸಕ್ಕೆ ಏಳೂವರೆ ಸಾವಿರ, ಹನ್ನೊಂದು ದಿನ, ಚೆನ್ನೈ, ಪುದುಪೇಟೆ, ಗುಜರಿಯ ನಾನೂರು ರೂಪಾಯಿಯ ನಾಟಕ. ಅಪ್ಪ ಬದುಕಿದ್ದಿದ್ದರೆ ಹತ್ತನೆಯ ತರಗತಿಯ ಪಾಠ ಬಿಚ್ಚಿ ನನ್ನ ಕಿವಿ ಹಿಂಡುತ್ತಿದ್ದರು.

ಡೈನಮೋ ನಿಜಕ್ಕೂ ಸತ್ತಿದೆಯೇ ಎಂದು ನೋಡುವುದನ್ನೂ ಆ ಮೇಸ್ತ್ರಿಯೇ ತೋರಿಸಿಕೊಟ್ಟರು. ಡೈನಮೋದಿಂದ ಹೊರಡುವ ಡಿ ಮತ್ತು ಎಫ್ ಗುರುತಿನ ವೈರುಗಳನ್ನು ಬಿಚ್ಚಿ, ಡೈನಮೋದ ಆ ಎರಡು ತುದಿಗಳನ್ನು ಒಂದು ತುಂಡು ತಂತಿಯಿಂದ ಕೂಡಿಸಿ, ಅಲ್ಲಿಂದ ಡೈನಮೋದ ಲೋಹದ ಮೈಗೆ ವೋಲ್ಟ್‌ಮೀಟರ್ ಹಿಡಿದು, ಎಂಜಿನ್ನಿನ ವೇಗವನ್ನು ಮೆಲ್ಲಗೆ ಏರಿಸಬೇಕು. ಮುಳ್ಳು ಸರಾಗವಾಗಿ ಇಪ್ಪತ್ತು ವೋಲ್ಟಿನ ಕಡೆಗೆ ಏರಿದರೆ ಡೈನಮೋ ಸರಿಯಿದೆ. ಇಪ್ಪತ್ತು ದಾಟಿಸಬಾರದು. ಇದಕ್ಕೆ ಐದು ನಿಮಿಷ ಸಾಕು.

ಹಣ ಮೊಬೈಲಿನಲ್ಲೇ ಕಳಿಸಿದ್ದೇನೆ, ಅದರ ಗುರುತು ಇದೆ. ಯಾವುದಕ್ಕೆ ಕಳಿಸಿದೆ ಎನ್ನುವುದಕ್ಕೆ ಒಂದು ಚೀಟಿಯೂ ಇಲ್ಲ. ಗ್ರಾಹಕರ ಆಯೋಗಕ್ಕೆ ಹೋಗು ಎನ್ನುತ್ತಾರೆ ಗೆಳೆಯರು. ಏನು ಹಿಡಿದುಕೊಂಡು ಹೋಗಲಿ, ಡೈನಮೋವನ್ನೇ?

ಬುದ್ಧಿ ಹೇಳುವ ಯೋಗ್ಯತೆ ನನಗಿಲ್ಲ. ಆದರೂ ಕೇಳಿ. ಬಿಚ್ಚಿದ ಹಳೆಯ ವಸ್ತು ನಿಮ್ಮ ಮನೆಯಲ್ಲೇ ಇರಲಿ, ಗುಜರಿಗಾದರೂ ನೀವೇ ಹಾಕಿ. ಬಿಚ್ಚುವ ಮೊದಲು ನಂಬರಿನ ಸಮೇತ ಫೋಟೋ ತೆಗೆದುಕೊಳ್ಳಿ. ಮೀಟರ್ ಹಿಡಿಯದೆ ನಿಟ್ಟುಸಿರು ಬಿಡುವವನನ್ನು ಗೇಟಿನಿಂದಲೇ ಕಳಿಸಿ. ವೈರಿಂಗ್ ಕಿಟ್ ಪೂರ್ತಿ ಕೀಳಿಸಬೇಡಿ, ಮೊದಲು ಅರ್ತ್ ನೋಡಿಸಿ, ಅರ್ತ್, ಅರ್ತ್.

ನನ್ನ ಹಳೆಯ ಕಿಟ್ ಎಲ್ಲಿ ಹೋಯಿತೋ ಗೊತ್ತಿಲ್ಲ, ತಾಮ್ರದ ಬೆಲೆಗೆ ಕರಗಿರಬೇಕು. ಕಟೌಟ್ ಮಾತ್ರ ಎಲ್ಲೋ ಇದೆ. ಈಗ ನನ್ನ ಕಾರಿನಲ್ಲಿರುವುದು ಬೇರೆ, ಅದರ ಮುಚ್ಚಳ ಬಿಚ್ಚಿ ನೋಡಿದ್ದೇನೆ. ಅಪ್ಪ ಅದನ್ನು 1996ರಲ್ಲಿ ಮಂಡ್ಯದಲ್ಲಿ ರಿಪೇರಿ ಮಾಡಿಸಿದ್ದು ನನಗೆ ನೆನಪಿದೆ, ಹಾಗಾಗಿ ಕೈವಾರ ಖಂಡಿತ ಆಡಿರುತ್ತದೆ. ಮೈಸೂರು, ಮಂಡ್ಯದ ಕಡೆ ಈಚೆಗೆ ಯಾರಾದರೂ 'ಚೆನ್ನೈ ಮಾಲು' ಎಂದು ಕಟೌಟ್ ಕೊಂಡಿದ್ದರೆ ದಯವಿಟ್ಟು ಮುಚ್ಚಳದ ಒಳಗಡೆ ಒಮ್ಮೆ ನೋಡಿ. '96' ಎಂಬ ಗೀರು, ಗುಂಡಗಿನ ಕನ್ನಡ ಅಕ್ಷರ ಕಂಡರೆ ತಿಳಿಸಿ. ನೀವು ಕೊಟ್ಟಷ್ಟು ಹಣ ಕೊಟ್ಟೇ ತೆಗೆದುಕೊಂಡು ಹೋಗುತ್ತೇನೆ. ನನಗೆ ಅಭ್ಯಾಸವಾಗಿದೆ.