ನನ್ನ ಫೋಟೊ ನೋಡಿ ಯಾರೂ ಅಲ್ಲಿ ಸೇರಬೇಡಿ

ಮೊನ್ನೆ ಭಾನುವಾರ ಹಿರಿಯೂರು ಕಡೆಯ ಒಬ್ಬ ಹುಡುಗ ಮೆಸೇಜ್ ಮಾಡಿದ್ದ. "ಅಣ್ಣ, ನೀವು ಅಲ್ಲೇ ಕೋರ್ಸ್ ಮಾಡಿ ಕೆಲಸಕ್ಕೆ ಸೇರಿದ್ರಂತೆ. 4.2 ಲಕ್ಷ ಪ್ಯಾಕೇಜ್ ಅಂತೆ. ನಾನೂ ಸೇರಬಹುದಾ?" ಜೊತೆಗೆ ಒಂದು ಪೋಸ್ಟರ್ ಕಳಿಸಿದ್ದ. ಅದರಲ್ಲಿ ನನ್ನ ಫೋಟೊ. ಅಕ್ಕನ ಮದುವೆಗೆ ಹೊಲಿಸಿದ ಬಿಳಿ ಶರ್ಟು, ಎಣ್ಣೆ ಹಾಕಿ ಬಾಚಿದ ಕೂದಲು. ಕೆಳಗೆ ದಪ್ಪ ಅಕ್ಷರದಲ್ಲಿ ಕಂಗ್ರಾಜುಲೇಷನ್ಸ್, ಎಸ್‌ಒಸಿ ಅನಲಿಸ್ಟ್. ಅಂದರೆ ಕಂಪನಿಯ ಕಂಪ್ಯೂಟರುಗಳಿಗೆ ಯಾರಾದರೂ ನುಗ್ಗುತ್ತಿದ್ದಾರಾ ಅಂತ ಕಾಯುವ ಕೆಲಸ.

ನನಗೆ ಕೆಲಸ ಸಿಕ್ಕಿಲ್ಲ. ಅವತ್ತೂ ಸಿಕ್ಕಿರಲಿಲ್ಲ, ಇವತ್ತೂ ಇಲ್ಲ. ಹೋಗಿದ್ದು ಸೈಬರ್ ಸೆಕ್ಯುರಿಟಿ ಕೋರ್ಸಿನ 85,000 ಫೀಸು, ಅದರ ಮೇಲೆ 18,500. ನಾಚಿಕೆಗೆ ಇಷ್ಟು ದಿನ ಯಾರಿಗೂ ಹೇಳಿರಲಿಲ್ಲ. ಆ ಪೋಸ್ಟರ್ ನೋಡಿದ ಮೇಲೆ ಸುಮ್ನೆ ಕೂರಲು ಆಗಲಿಲ್ಲ. ಇನ್‌ಸ್ಟಿಟ್ಯೂಟ್ ಹೆಸರು ಬರೆದರೆ ಲೀಗಲ್ ನೋಟಿಸ್ ಕಳಿಸುತ್ತೇವೆ ಅಂದಿದ್ದಾರೆ, ಅದಕ್ಕೆ ಹೆಸರು ಬರೆಯುತ್ತಿಲ್ಲ. ಬಿಟಿಎಂ, ಮಾರತ್‌ಹಳ್ಳಿ ಕಡೆ ಓಡಾಡಿದವರಿಗೆ ಇಂಥ ಬೋರ್ಡುಗಳು ಎಷ್ಟಿವೆ ಅಂತ ಗೊತ್ತೇ ಇದೆ.

ನಮ್ಮದು ತಿಪಟೂರು ಕಡೆ. ನಾನು ಬಿಸಿಎ ಮುಗಿಸಿದವನು. ಈ ವರ್ಷ ಸಂಕ್ರಾಂತಿ ಮುಗಿಸಿಕೊಂಡು ಬೆಂಗಳೂರಿಗೆ ಬಂದೆ. ಉಂಡೆ ಕೊಬ್ಬರಿ ಗೊತ್ತಲ್ಲ, ಕಾಯಿ ಅಟ್ಟದ ಮೇಲೆ ಹತ್ತು ಹನ್ನೊಂದು ತಿಂಗಳು ಇರಬೇಕು, ಅಲ್ಲಾಡಿಸಿದರೆ ಒಳಗೆ ಗಡಗಡ ಅನ್ನಬೇಕು. ಅಪ್ಪ ರೇಟು ಏರಲಿ ಅಂತ ಕಾಯುತ್ತಿದ್ದರು. ನಾನೇ ಅವಸರ ಮಾಡಿ ಮಾರಿಸಿದೆ. ಅದರಲ್ಲಿ 35,000 ಕಟ್ಟಿದೆ. ಉಳಿದ 50,000ಕ್ಕೆ ನನ್ನ ಹೆಸರಿನಲ್ಲಿ ಸಾಲ, ತಿಂಗಳಿಗೆ 5,000ದಂತೆ ಹತ್ತು ಕಂತು. ನಾವು ಮಾರಿದ ಆರು ತಿಂಗಳಲ್ಲಿ ಕೊಬ್ಬರಿ ರೇಟು ಎಲ್ಲಿಗೋ ಹೋಯಿತು. ಅಪ್ಪ ಆ ಮಾತು ಎತ್ತುವುದಿಲ್ಲ. ಎತ್ತಿ ಬೈದಿದ್ದರೆ ಚೆನ್ನಾಗಿತ್ತು.

ಸೇರಿದ ದಿನ ರಿಸೆಪ್ಷನ್ ಹಿಂದಿನ ಗೋಡೆ ತುಂಬ ಕೆಲಸ ಸಿಕ್ಕವರ ಫೋಟೊಗಳು. ನಲವತ್ತಕ್ಕಿಂತ ಜಾಸ್ತಿ ಇದ್ದವು. "ನೆಕ್ಸ್ಟ್ ನಿಮ್ಮದೇ ಬ್ರೋ" ಅಂದ ಪ್ಲೇಸ್‌ಮೆಂಟ್ ನೋಡಿಕೊಳ್ಳುವವನು. ಎಲ್ಲರಿಗೂ ಬ್ರೋ ಅನ್ನುತ್ತಾನೆ, ಅದಕ್ಕೆ ನಾವು ಅವನನ್ನೇ ಬ್ರೋ ಅಂತ ಕರೆಯುತ್ತಿದ್ದೆವು. 100% ಜಾಬ್ ಗ್ಯಾರಂಟಿ, ಫೀಸಿನಲ್ಲೇ ಸಿಇಎಚ್ (ಸರ್ಟಿಫೈಡ್ ಎಥಿಕಲ್ ಹ್ಯಾಕರ್ ಅನ್ನುವ ಸರ್ಟಿಫಿಕೇಟ್) ಸೇರಿ, ಇವತ್ತೇ ಕಟ್ಟಿದರೆ 10,000 ಡಿಸ್ಕೌಂಟ್. ಅಗ್ರಿಮೆಂಟ್ ಅಂತ ನಾಲ್ಕು ಪುಟ ಕೊಟ್ಟರು. ನಾನು ಕೊನೆ ಪುಟಕ್ಕೆ ಹೋಗಿ ಸಹಿ ಹಾಕಿದೆ. ಸೆಕ್ಯುರಿಟಿ ಕಲಿಯಲು ಬಂದವನು ಓದದೆ ಸಹಿ ಹಾಕಿದೆ. ನಗಬೇಡಿ. ನಕ್ಕರೂ ಪರವಾಗಿಲ್ಲ.

ಸಿಇಎಚ್ ಸೇರಿ ಅಂದರೆ ಏನು ಗೊತ್ತಾ? ಹೊಸ 13ನೇ ವರ್ಷನ್ ಬಂದಿದ್ದು 2024ರಲ್ಲಿ. ಇವರು ಕೊಟ್ಟಿದ್ದು 2018ರ 10ನೇ ವರ್ಷನ್‌ನ ಪಿಡಿಎಫ್. ಪರೀಕ್ಷೆಗೆ ಕೂರುವ ವೋಚರ್ ಬೇಕಾದರೆ ಅದರ ದುಡ್ಡು ಬೇರೆ. ಸರ್ಟಿಫಿಕೇಟ್ ಅಂತ ಕೊಟ್ಟಿದ್ದು ಅವರದೇ ಹಾಲೊಗ್ರಾಮ್ ಅಂಟಿಸಿದ ಕಾಗದ.

ಒಂದು ಮಾತು ಮಾತ್ರ ಪ್ರಾಮಾಣಿಕವಾಗಿ ಹೇಳಬೇಕು. ಮೊದಲ ಮೂರು ವಾರ ಪಾಠ ಮಾಡಿದ ಸರ್ ನಿಜಕ್ಕೂ ಒಳ್ಳೆಯವರು. ಎರಡನೇ ವಾರ ಹೂಈಸ್ ಹೇಳಿಕೊಟ್ಟರು. ಯಾವ ಡೊಮೇನ್, ಅಂದರೆ ವೆಬ್‌ಸೈಟ್ ವಿಳಾಸ, ಯಾವತ್ತು ರಿಜಿಸ್ಟರ್ ಆಯಿತು ಅಂತ ನೋಡುವುದು. ಪ್ರೊಜೆಕ್ಟರ್ ಮೇಲೆ ಒಂದು ನಕಲಿ ಬ್ಯಾಂಕ್ ಸೈಟ್ ಹಾಕಿ, ಅದರ ಹುಟ್ಟಿದ ದಿನ ತೋರಿಸಿ, "ಇನ್ನೂ ಹಲ್ಲು ಬಂದಿಲ್ಲ, ಆಗಲೇ ಬ್ಯಾಂಕ್ ನಡೆಸ್ತದಂತೆ ಕಣ್ರಪ್ಪ" ಅಂದರು. ಕ್ಲಾಸೆಲ್ಲಾ ನಕ್ಕಿತು. ನಾನೂ ಜೋರಾಗಿ ನಕ್ಕಿದ್ದೆ. ಮೂರನೇ ವಾರ ಮುಗಿಯುತ್ತಿದ್ದಂತೆ ಅವರು ಬಿಟ್ಟು ಹೋದರು. ಸಂಬಳ ಕೊಡಲಿಲ್ಲ ಅಂತ ಆಮೇಲೆ ಗೊತ್ತಾಯಿತು. ಅಲ್ಲಿಂದ ಮೇ ತನಕ ರೆಕಾರ್ಡೆಡ್ ವಿಡಿಯೊ.

ಮೇ ಮುಗಿದ ಮೇಲೆ ಕೆಲಸದ ಹುಡುಕಾಟ. ಇದನ್ನು ಅನುಭವಿಸಿದವರಿಗೆ ಹೇಳಬೇಕಿಲ್ಲ. ಎಂಟ್ರಿ ಲೆವೆಲ್ ಅಂತ ಮೇಲೆ, 2ರಿಂದ 3 ವರ್ಷ ಅನುಭವ ಅಂತ ಕೆಳಗೆ. ಒಂದು ಕಡೆಯಂತೂ ಫ್ರೆಶರ್ ಕೆಲಸಕ್ಕೆ ಸಿಐಎಸ್‌ಎಸ್‌ಪಿ ಅನ್ನುವ ಸರ್ಟಿಫಿಕೇಟ್ ಇದ್ದರೆ ಆದ್ಯತೆ ಅಂತ ಹಾಕಿದ್ದರು. ಆ ಸರ್ಟಿಫಿಕೇಟ್ ಸಿಗಬೇಕಾದರೆ 5 ವರ್ಷ ಕೆಲಸ ಮಾಡಿರಬೇಕು ಸ್ವಾಮಿ, ಡಿಗ್ರಿ ಇದ್ದರೆ ಒಂದು ವರ್ಷ ಬಿಡುತ್ತಾರೆ ಅಷ್ಟೇ.

ಜೂನ್‌ನಲ್ಲಿ ಎಲೆಕ್ಟ್ರಾನಿಕ್ ಸಿಟಿಯಲ್ಲಿ ಒಂದು ವಾಕ್-ಇನ್‌ಗೆ ಹೋದೆ. ಇಂಟರ್‌ವ್ಯೂ ಮಾಡಿದವರು ಲ್ಯಾಪ್‌ಟಾಪ್ ನನ್ನ ಕಡೆ ತಿರುಗಿಸಿದರು. ವಿಂಡೋಸ್ ಲಾಗ್, ಅಂದರೆ ಕಂಪ್ಯೂಟರಿನಲ್ಲಿ ಏನೇನು ನಡೆಯಿತು ಅಂತ ಅದೇ ಬರೆದಿಡುವ ದಾಖಲೆ. ಒಂದೇ ಯೂಸರ್ ಹೆಸರಿನಲ್ಲಿ ಸಾಲು ಸಾಲಾಗಿ 4625, ಕೊನೆಯಲ್ಲಿ ಒಂದು 4624. "ಏನಾಗಿದೆ ಇಲ್ಲಿ?" ನಾನು ವೈರಸ್ ಇರಬಹುದು ಸರ್ ಅಂದೆ. 4625 ಅಂದರೆ ಲಾಗಿನ್ ಫೇಲ್, 4624 ಅಂದರೆ ಲಾಗಿನ್ ಆಯಿತು. ಯಾರೋ ಪಾಸ್‌ವರ್ಡ್ ಊಹಿಸುತ್ತಾ ಹೋಗಿ ಕೊನೆಗೆ ಒಳಗೆ ನುಗ್ಗಿರಬಹುದು. ಇಷ್ಟೇ. ಐದು ತಿಂಗಳು 85,000 ಕೊಟ್ಟು ಇಷ್ಟು ಗೊತ್ತಿರಲಿಲ್ಲ. ಅವರು ಬೈಯಲಿಲ್ಲ. "ಮೊದಲು ಒಂದು ವರ್ಷ ಹೆಲ್ಪ್‌ಡೆಸ್ಕ್, ನೆಟ್‌ವರ್ಕ್ ಸಪೋರ್ಟ್ ಏನಾದರೂ ಮಾಡಪ್ಪ, ಆಮೇಲೆ ಬಾ" ಅಂದರು. ಇಡೀ ವರ್ಷದಲ್ಲಿ ನನಗೆ ಸಿಕ್ಕ ಒಳ್ಳೆಯ ಸಲಹೆ ಅದೊಂದೇ, ಅದೂ ಪುಕ್ಕಟೆ.

ಬ್ರೋಗೆ ಹೇಳಿದರೆ ಅವನು ನಕ್ಕ. "ಹೆಲ್ಪ್‌ಡೆಸ್ಕ್‌ಗೆ ಹೋಗೋಕೆ ಇಲ್ಲಿಗೆ ಬಂದ್ರಾ ಬ್ರೋ? 25,000 ಕೊಡಿ, ಎರಡು ವರ್ಷ ಎಕ್ಸ್‌ಪೀರಿಯನ್ಸ್ ಲೆಟರ್, ಪೇ ಸ್ಲಿಪ್ ಎಲ್ಲಾ ಆಗುತ್ತೆ." ನಾನು ಬೇಡ ಅಂದೆ. ಪ್ರಾಮಾಣಿಕತೆ ಅಂತ ತಿಳಿಯಬೇಡಿ, ಕೈಯಲ್ಲಿ ದುಡ್ಡಿರಲಿಲ್ಲ. ನನ್ನ ರೂಮ್‌ಮೇಟ್ ಕೊಟ್ಟ. ಅವನಿಗೆ ನಿಜವಾದ ಆಫರ್ ಕೂಡ ಬಂತು. ಕಂಪನಿಯವರು ಯುಎಎನ್, ಅಂದರೆ ಪಿಎಫ್ ನಂಬರ್ ಕೇಳಿ ಪಿಎಫ್ ದಾಖಲೆ ನೋಡಿದರು. ಎರಡು ವರ್ಷ ಕೆಲಸ ಮಾಡಿದವನಿಗೆ ಒಂದು ತಿಂಗಳ ಪಿಎಫ್ ಕೂಡ ಇಲ್ಲ. ಆಫರ್ ವಾಪಸ್.

ಆಗಸ್ಟ್‌ನಲ್ಲಿ ಬ್ರೋ ನನಗೊಂದು ಮೇಲ್ ಫಾರ್ವರ್ಡ್ ಮಾಡಿದ. ದೊಡ್ಡ ಕಂಪನಿ, ಔಟರ್ ರಿಂಗ್ ರೋಡಿನ ಟೆಕ್ ಪಾರ್ಕ್. ಮೇಲ್ ವಿಳಾಸದಲ್ಲಿ ಕಂಪನಿ ಹೆಸರಿನ ಮುಂದೆ ಒಂದು ಅಡ್ಡಗೆರೆ, ಆಮೇಲೆ ಕರಿಯರ್ಸ್. ಇಂಟರ್‌ವ್ಯೂ ಫೋನಿನಲ್ಲಿ, ಹನ್ನೆರಡು ನಿಮಿಷ. "ಓಎಸ್‌ಐ ಮಾಡೆಲ್‌ನಲ್ಲಿ ಎಷ್ಟು ಲೇಯರ್?" ನೆಟ್‌ವರ್ಕ್ ಪಾಠದ ಅಆಇಈ ಇದು. ಏಳು ಅಂದೆ. "ವೆರಿ ಗುಡ್." ಸಂಜೆಯೇ ಆಫರ್ ಲೆಟರ್ ಬಂತು. ಅಮ್ಮನಿಗೆ ಫೋನ್ ಮಾಡಿದೆ, ಅಮ್ಮ ಊರಿಗೆಲ್ಲಾ ಹೇಳಿದಳು. ಬ್ರೋ ಫೋಟೊ ಕೇಳಿದ, ಬಿಳಿ ಶರ್ಟಿನದು ಕಳಿಸಿದೆ.

ಮಾರನೇ ದಿನ ಇನ್ನೊಂದು ಮೇಲ್. ಕಂಪನಿ ಲ್ಯಾಪ್‌ಟಾಪ್‌ಗೆ 18,500 ಡೆಪಾಸಿಟ್, ಮೊದಲ ಸಂಬಳದ ಜೊತೆ ವಾಪಸ್. ಯುಪಿಐ ಐಡಿ ಕೊಟ್ಟಿದ್ದರು.

ಇಲ್ಲಿ ಸ್ವಲ್ಪ ನಿಧಾನವಾಗಿ ಓದಿ. ಐಡಿ ಹಾಕಿದೆ. ಮೊತ್ತ ಹಾಕಿದೆ. ಸ್ಕ್ರೀನ್ ಮೇಲೆ ಹೆಸರು ಬಂತು. ಕಂಪನಿ ಹೆಸರಲ್ಲ, ಯಾರೋ ಒಬ್ಬ ಮನುಷ್ಯನ ಹೆಸರು. ನೋಡಿದೆ. ನೋಡಲಿಲ್ಲ ಅಂತ ಹೇಳಲಾರೆ, ನೋಡಿದೆ. ಹೊಟ್ಟೆಯಲ್ಲಿ ಒಂಥರಾ ಆಯಿತು. ಸ್ಕ್ರೀನ್‌ಶಾಟ್ ತೆಗೆದು ಬ್ರೋಗೆ ಕಳಿಸಿದೆ. ಎರಡು ನಿಮಿಷಕ್ಕೆ ಉತ್ತರ ಬಂತು: "ಅದು ಅವರ ಅಕೌಂಟೆಂಟ್ ಹೆಸರು ಬ್ರೋ. ಜಾಸ್ತಿ ಯೋಚನೆ ಮಾಡಬೇಡಿ, ಸ್ಲಾಟ್ ಹೋಗುತ್ತೆ." ಪಿನ್ ಒತ್ತಿದೆ. ಭಾವನ ಹತ್ತಿರ ಸಾಲ ಮಾಡಿದ ದುಡ್ಡು.

ಒಂಬತ್ತು ದಿನ ಆದ ಮೇಲೆ ಜಾಯ್ನಿಂಗ್. ಬೆಳಿಗ್ಗೆ ಎಂಟೂವರೆಗೆ ಗೇಟಿನ ಹತ್ತಿರ ನಿಂತಿದ್ದೆ. ಸೆಕ್ಯುರಿಟಿ ಅಣ್ಣ ಲೆಟರ್ ತಿರುಗಿಸಿ ನೋಡಿ ವಾಪಸ್ ಕೊಟ್ಟರು. "ಲ್ಯಾಪ್‌ಟಾಪ್‌ಗೆ ಅಂತ ದುಡ್ಡು ಕಟ್ಟಿದೀರಾ?" ಹೌದು ಅಂದೆ. "ನಿಮ್ಮಂಗೇ ಹೋದ ತಿಂಗಳು ಇಬ್ಬರು ಬಂದಿದ್ದರು. ಒಬ್ಬ ಹುಡುಗಿ ಇಲ್ಲೇ ಕೂತು ಅತ್ತಳು ಪಾಪ. ನೀರು ಬೇಕಾ?"

ಫುಟ್‌ಪಾತ್ ಮೇಲೆ ಕೂತು ಫೋನಿನಲ್ಲಿ ಹೂಈಸ್ ತೆಗೆದೆ. ನನಗೆ ಮೇಲ್ ಬರುವುದಕ್ಕೆ ಬರೀ 11 ದಿನ ಮೊದಲು ಹುಟ್ಟಿದ ಡೊಮೇನ್. ಮೇಲ್ ಹೆಡರ್ ತೆಗೆದೆ, ರಿಪ್ಲೈ ಹೋಗುವ ವಿಳಾಸ ಜಿಮೇಲ್. ನೋಡಲು ಒಂದು ನಿಮಿಷ ಹಿಡಿಯಿತು. ಇಡೀ ಕೋರ್ಸಿನಲ್ಲಿ ನನಗೆ ಸರಿಯಾಗಿ ಬರುತ್ತಿದ್ದ ವಿದ್ಯೆ ಅದೊಂದೇ. ಅದನ್ನೇ ಬಳಸಲಿಲ್ಲ. ಹಲ್ಲು ಬರದ ಡೊಮೇನ್ ಅಂತ ನಕ್ಕವನು ನಾನೇ ಅಲ್ವಾ?

ಬ್ರೋಗೆ ಫೋನ್ ಮಾಡಿದೆ, ಎತ್ತಲಿಲ್ಲ. ವಾಟ್ಸಾಪ್‌ನಲ್ಲಿ ಬಂದ ಉತ್ತರಗಳನ್ನು ಇದ್ದ ಹಾಗೇ ಹಾಕುತ್ತೇನೆ.

"ಎಚ್‌ಆರ್ ಲೀವ್‌ನಲ್ಲಿ ಇರಬಹುದು ಬ್ರೋ, ನೆಗೆಟಿವ್ ಥಿಂಕಿಂಗ್ ಬಿಡಿ."

"ನಮಗೂ ಮೇಲ್ ಬಂತು, ಫಾರ್ವರ್ಡ್ ಮಾಡಿದ್ವಿ. ನಮಗೂ ಅದಕ್ಕೂ ಸಂಬಂಧ ಇಲ್ಲ."

"ಅಗ್ರಿಮೆಂಟ್ ಪೇಜ್ 3 ನೋಡಿ."

ಪೇಜ್ 3ರಲ್ಲಿ ಗ್ಯಾರಂಟಿ ಅನ್ನುವ ಪದವೇ ಇಲ್ಲ. ಪ್ಲೇಸ್‌ಮೆಂಟ್ ಅಸಿಸ್ಟೆನ್ಸ್ ಅಂತ ಇದೆ. ಮೂರು ಇಂಟರ್‌ವ್ಯೂ ಅಥವಾ ಒಂದು ಆಫರ್ ಲೆಟರ್, ಯಾವುದು ಮೊದಲೋ ಅಲ್ಲಿಗೆ ಅವರ ಜವಾಬ್ದಾರಿ ಮುಗಿಯಿತು. ಅಂದರೆ ಆ ನಕಲಿ ಆಫರ್ ಲೆಟರ್ ಬಂದ ದಿನ ಅವರ ಲೆಕ್ಕದಲ್ಲಿ ನಾನು ಪ್ಲೇಸ್ ಆಗಿಬಿಟ್ಟೆ! ಅದಕ್ಕೇ ಫೋಟೊ ಕೇಳಿದ್ದು.

ನನ್ನನ್ನು ಗ್ರೂಪಿನಿಂದ ತೆಗೆಯುವ ಮೊದಲು ಕೊನೆಯದಾಗಿ ಹಾಕಿದ್ದು ಇದು: "ನೀವು ಸೈಬರ್ ಸೆಕ್ಯುರಿಟಿ ಸ್ಟೂಡೆಂಟ್, ನೀವೇ ಚೆಕ್ ಮಾಡಬೇಕಿತ್ತು ಅಲ್ವಾ ಬ್ರೋ?"

ಇದಕ್ಕೆ ಇವತ್ತಿಗೂ ಉತ್ತರ ಹುಡುಕುತ್ತಿದ್ದೇನೆ. ರಾತ್ರಿ ಮಲಗಿದಾಗ ಹೊಳೆಯುತ್ತದೆ, ಬೆಳಿಗ್ಗೆ ಮರೆತುಹೋಗುತ್ತದೆ.

ಅವತ್ತೇ ಸೈಬರ್ ವಂಚನೆ ದೂರಿನ ನಂಬರ್ 1930ಕ್ಕೆ ಫೋನ್ ಮಾಡಿದೆ. ದೂರು ತೆಗೆದುಕೊಂಡು ನಂಬರ್ ಕೊಟ್ಟರು. ಆದರೆ ದುಡ್ಡು ಹಾಕಿ ಒಂಬತ್ತು ದಿನ ಆಗಿತ್ತು, ಆ ಖಾತೆಯಲ್ಲಿ ಏನೂ ಉಳಿದಿರಲಿಲ್ಲ. ಆಮೇಲೆ ಸೈಬರ್ ಅಪರಾಧ ನೋಡುವ ಸಿಇಎನ್ ಪೊಲೀಸ್ ಠಾಣೆಗೆ ಹೋದೆ. ಅಲ್ಲಿದ್ದ ಹೆಡ್ ಕಾನ್‌ಸ್ಟೇಬಲ್ ಬರೆದುಕೊಳ್ಳುತ್ತಾ ಕೇಳಿದರು, "ಏನು ಓದಿದೀಯಪ್ಪ?"

"ಸೈಬರ್ ಸೆಕ್ಯುರಿಟಿ ಸರ್."

ಪೆನ್ನು ನಿಂತಿತು. ತಲೆ ಎತ್ತಿ ನೋಡಿ "ಮತ್ತೆ?" ಅಂದರು. ಅಷ್ಟೇ ಅಂದಿದ್ದು.

ಸೇರಲು ಹೊರಟವರಿಗೆ ನನಗೆ ತಿಳಿದಷ್ಟು ಹೇಳುತ್ತೇನೆ. ಕೆಲಸ ಕೊಡುವವರು ನಿಮ್ಮಿಂದ ದುಡ್ಡು ಕೇಳುವುದಿಲ್ಲ, ಲ್ಯಾಪ್‌ಟಾಪ್‌ಗೂ ಇಲ್ಲ, ಟ್ರೈನಿಂಗ್‌ಗೂ ಇಲ್ಲ. ಕೇಳಿದರೆ ಫೋನ್ ಇಡಿ. ಕಳೆದುಕೊಂಡರೆ ನಾಚಿಕೆ ಪಟ್ಟುಕೊಂಡು ಕೂರಬೇಡಿ, ಆ ಗಳಿಗೆಯಲ್ಲೇ 1930ಕ್ಕೆ ಮಾಡಿ. ಬೇಗ ಮಾಡಿದರೆ ದುಡ್ಡು ಇನ್ನೂ ಖಾತೆಯಲ್ಲಿರುವಾಗ ತಡೆಹಿಡಿಯಲು ಆಗುತ್ತದೆ. ಲಾಗ್ ನೋಡುವುದು ಕಲಿಯಲು 85,000 ಬೇಕಿಲ್ಲ. ಲಾಗ್ ಹುಡುಕುವ ಸ್ಪ್ಲಂಕ್ ಅನ್ನುವ ಸಾಫ್ಟ್‌ವೇರ್ ದಿನಕ್ಕೆ 500 ಎಂಬಿ ತನಕ ಪುಕ್ಕಟೆ, ಮನೆ ಕಂಪ್ಯೂಟರಿನ ಲಾಗ್ ಹಾಕಿ ನೋಡಿ. ಬೆಂಗಳೂರಿನಲ್ಲಿ ನಲ್ ಅಂತ ಒಂದು ಬಳಗ ಇದೆ, ಅವರ ಮೀಟಿಂಗಿಗೆ ಪ್ರವೇಶ ಉಚಿತ. ಈ ಕೆಲಸ ಮಾಡುವವರೇ ಅಲ್ಲಿ ಬರುತ್ತಾರೆ. ನಾನು ಮೊದಲ ಸಲ ಹೋಗಿದ್ದು ಎಲ್ಲಾ ಕಳೆದುಕೊಂಡ ಮೇಲೆ.

ಇನ್ನೊಂದು ವಿಷಯ ಈಗ ತಿಳಿಯಿತು. ಕೆಲಸ ಗ್ಯಾರಂಟಿ ಅಂತ ಸುಳ್ಳು ಜಾಹೀರಾತು ಕೊಡಬಾರದು ಅಂತ ಕೇಂದ್ರ ಗ್ರಾಹಕ ರಕ್ಷಣಾ ಪ್ರಾಧಿಕಾರ 2024ರ ನವೆಂಬರ್‌ನಲ್ಲೇ ಕೋಚಿಂಗ್ ಕೇಂದ್ರಗಳಿಗೆ ಮಾರ್ಗಸೂಚಿ ಹೊರಡಿಸಿದೆ. ವಿದ್ಯಾರ್ಥಿಯ ಫೋಟೊ ಹಾಕಬೇಕಾದರೆ ಬರಹದಲ್ಲಿ ಒಪ್ಪಿಗೆ ಬೇಕು, ಅದೂ ಆಯ್ಕೆ ಆದ ಮೇಲೆ ಪಡೆದಿರಬೇಕು. ನನ್ನ ಒಪ್ಪಿಗೆ ಆ ನಾಲ್ಕು ಪುಟದಲ್ಲೇ ಇತ್ತು, ಸೇರಿದ ದಿನವೇ ಹಾಕಿಸಿಕೊಂಡಿದ್ದು. 1915ಕ್ಕೆ ಫೋನ್ ಮಾಡಿ ಗ್ರಾಹಕ ದೂರು ಕೊಟ್ಟಿದ್ದೇನೆ. ಪೋಸ್ಟರ್ ಇನ್ನೂ ಹಾಗೇ ಇದೆ. 5ನೇ ತಾರೀಖು ಬಂದರೆ 5,000 ಕಂತು ಕಟ್ಟಾಗುವುದೂ ಹಾಗೇ ಇದೆ, ಇನ್ನೂ ಎರಡು ಬಾಕಿ.

ಹಿರಿಯೂರಿನ ಹುಡುಗನಿಗೆ ಇದೆಲ್ಲಾ ಹೇಳಿದೆ. "ಇವತ್ತೇ ಕಟ್ಟಿದ್ರೆ 10,000 ಡಿಸ್ಕೌಂಟ್ ಅಂದ್ರಲ್ಲ ಅಣ್ಣ" ಅಂದ. ಅಗ್ರಿಮೆಂಟಿನ ಪೇಜ್ 3 ಫೋಟೊ ತೆಗೆದು ಕಳಿಸಿದೆ. ಓದುತ್ತೇನೆ ಅಂದಿದ್ದಾನೆ.

ರಿಸೆಪ್ಷನ್ ಹಿಂದಿನ ಆ ಗೋಡೆಯ ಮೇಲೆ ನಿಮ್ಮ ಫೋಟೊ ಕೂಡ ಇದ್ದರೆ, ಕೆಲಸ ನಿಜವಾಗಿ ಸಿಕ್ಕಿದ್ದರೂ ಸರಿ, ಸಿಗದಿದ್ದರೂ ಸರಿ, ದಯವಿಟ್ಟು ನನಗೆ ಮೆಸೇಜ್ ಮಾಡಿ. ಇಲ್ಲಿಯವರೆಗೆ ಮೂವರು ಸಿಕ್ಕಿದ್ದಾರೆ. ಮೂವರಿಗೂ ಕೆಲಸ ಇಲ್ಲ.