ಎಚ್ಚರಿಕೆ: ಎಲ್‌ವಿಎಂ ಸಿಸ್ಟಂ ಐಡಿ ಬೀಗವಲ್ಲ, ಕ್ಲಸ್ಟರ್‌ನಲ್ಲಿ ಸ್ಟೋನಿತ್ ಆಫ್ ಮಾಡಬೇಡಿ

ಚಿಕ್ಕಮಗಳೂರಿನ ಒಂದು ಕಾಫಿ ಕ್ಯೂರಿಂಗ್ ಘಟಕದ ಎರಡು ನೋಡ್ ಕ್ಲಸ್ಟರ್ (ಒಂದು ಬಿದ್ದರೆ ಇನ್ನೊಂದು ಕೆಲಸ ಮುಂದುವರಿಸುವ ಸರ್ವರ್ ಜೋಡಿ) ಪುನರ್ವಸು ಮಳೆಯ ರಾತ್ರಿ ಕೆಟ್ಟಿತು. ಡಿಸ್ಕ್ ಒಂದೂ ಹೋಗಿರಲಿಲ್ಲ, ಸರ್ವರ್ ಎರಡೂ ಚೆನ್ನಾಗಿದ್ದವು. ಆದರೂ ಬೆಳೆಗಾರರ ಲಾಟ್ ಲೆಕ್ಕವಿದ್ದ ಎಕ್ಸ್‌ಎಫ್‌ಎಸ್ (ಲಿನಕ್ಸ್‌ನ ಒಂದು ಫೈಲ್‌ಸಿಸ್ಟಂ) ವಾಲ್ಯೂಮ್ ಹಾಳಾಯಿತು. ಇಲ್ಲಿ, ಹಾಸನದಲ್ಲಿ, ಸಕಲೇಶಪುರದಲ್ಲಿ ಇಂಥದ್ದೇ ಜೋಡಣೆ ಇಟ್ಟುಕೊಂಡವರು ದಯವಿಟ್ಟು ಓದಿ.

ಎರಡು ಸರ್ವರ್, ಎರಡಕ್ಕೂ ಎಸ್‌ಎಎಸ್ ಕೇಬಲ್‌ನಲ್ಲಿ ನೇರವಾಗಿ ಸೇರಿದ ಒಂದು ಸ್ಟೋರೇಜ್, ಅದರಲ್ಲಿ ಒಂದು ವಾಲ್ಯೂಮ್ ಗ್ರೂಪ್ (ಲಿನಕ್ಸ್‌ನಲ್ಲಿ ಡಿಸ್ಕ್ ಜಾಗ ಹಂಚುವ ಎಲ್‌ವಿಎಂ ಕಟ್ಟುವ ಡಿಸ್ಕ್ ಗುಂಪು), ಅದಕ್ಕೆ ಸಿಸ್ಟಂ ಐಡಿಯೂ ಹಾಕಿತ್ತು. ಪೇಸ್‌ಮೇಕರ್ (ಯಾವ ನೋಡ್‌ನಲ್ಲಿ ಏನು ಓಡಬೇಕೆಂದು ನೋಡಿಕೊಳ್ಳುವ ತಂತ್ರಾಂಶ) ಗ್ರೂಪಿನಲ್ಲಿ ಎಲ್‌ವಿಎಂ-ಆಕ್ಟಿವೇಟ್, ಫೈಲ್‌ಸಿಸ್ಟಂ, ಐಪಿ, ಮಾರಿಯಾಡಿಬಿ ಡೇಟಾಬೇಸ್ ಸರಿಯಾದ ಕ್ರಮದಲ್ಲೇ ಇದ್ದವು. ತಪ್ಪು ಬೇರೆ ಕಡೆ ಇತ್ತು. ಇನ್‌ಸ್ಟಾಲ್ ಮಾಡುವಾಗ ಎರರ್ ಬರುತ್ತದೆಂದು ಸ್ಟೋನಿತ್-ಎನೇಬಲ್ಡ್ ಅನ್ನು ಫಾಲ್ಸ್ ಮಾಡಿ ಹಾಗೇ ಬಿಟ್ಟಿದ್ದರು. ಸ್ಟೋನಿತ್ ಅಥವಾ ಫೆನ್ಸಿಂಗ್ ಎಂದರೆ ಸಂಪರ್ಕ ತಪ್ಪಿದ ನೋಡ್ ಅನ್ನು ಬಲವಂತವಾಗಿ ಆಫ್ ಮಾಡುವುದು ಅಥವಾ ಡಿಸ್ಕ್‌ನಿಂದ ದೂರವಿಡುವುದು. ಒಂದೇ ನೋಡ್ ಇದ್ದಾಗಲೂ ಕ್ಲಸ್ಟರ್ ಏಳಲಿ ಎಂದು, ನೋಡ್‌ಗಳ ನಡುವೆ ಸಂಪರ್ಕ ಇಡುವ ಕೊರೊಸಿಂಕ್‌ನಲ್ಲಿ ವೇಟ್_ಫಾರ್_ಆಲ್ (ಮೊದಲ ಸಲ ಎಲ್ಲ ನೋಡ್ ಕಾಣುವ ತನಕ ಕಾಯುವ ಆಯ್ಕೆ) ಅನ್ನು 0 ಮಾಡಿದ್ದರು. ಟೂ_ನೋಡ್ 1 ಎಂದಿದ್ದರೆ ವೇಟ್_ಫಾರ್_ಆಲ್ ತಾನಾಗಿಯೇ ಆನ್ ಆಗಿರುತ್ತದೆ. ಅದನ್ನು ಬೇಕೆಂದೇ ತೆಗೆದಿದ್ದರು.

ಸಿಲ್ವರ್ ಓಕ್ ಕೊಂಬೆ ತಂತಿ ಮೇಲೆ ಬಿದ್ದು ಕರೆಂಟ್ ಹೋಯಿತು, ಯುಪಿಎಸ್ ಖಾಲಿಯಾಯಿತು. ಬೆಳಗಿನ ಜಾವ ಕರೆಂಟ್ ಬಂದಾಗ ಎರಡೂ ಸರ್ವರ್ ಒಟ್ಟಿಗೆ ಎದ್ದವು, ಹಾರ್ಟ್‌ಬೀಟ್ (ನಾನು ಬದುಕಿದ್ದೇನೆ ಎಂದು ನೋಡ್‌ಗಳು ಪರಸ್ಪರ ಕಳಿಸುವ ಸಂಕೇತ) ಹಾಯುವ ಒಂದೇ ಒಂದು ಸ್ವಿಚ್ ಮಾತ್ರ ತಡವಾಗಿ ಎದ್ದಿತು. ಆ ಕೆಲವು ನಿಮಿಷ ಪ್ರತಿ ನೋಡ್‌ಗೂ ಇನ್ನೊಂದು ಸತ್ತಂತೆ ಕಂಡಿತು. ಎರಡೂ ಅದೇ ಎಕ್ಸ್‌ಎಫ್‌ಎಸ್ ಅನ್ನು ಮೌಂಟ್ ಮಾಡಿದವು, ಎರಡೂ ಕಡೆ ಜರ್ನಲ್ ರಿಪ್ಲೇ (ಅರ್ಧಕ್ಕೆ ನಿಂತ ಬದಲಾವಣೆಗಳನ್ನು ಲಾಗ್‌ನಿಂದ ಮತ್ತೆ ಬರೆಯುವುದು) ಆಯಿತು, ಎರಡೂ ಕಡೆಯ ಮಾರಿಯಾಡಿಬಿ ಕ್ರ್ಯಾಶ್ ರಿಕವರಿ ಮಾಡುತ್ತಾ ಅದೇ ಬ್ಲಾಕ್‌ಗಳ ಮೇಲೆ ಬರೆದವು. ಸ್ವಿಚ್ ಎದ್ದ ಮೇಲೆ ಪೇಸ್‌ಮೇಕರ್ ಎರಡೂ ಕಡೆ ನಿಲ್ಲಿಸಿ ಒಂದು ಕಡೆ ಶುರುಮಾಡಿತು. ಹೊರಗಿನಿಂದ ಎಲ್ಲ ಹಸಿರಾಗಿಯೇ ಕಂಡಿತು. ಮಧ್ಯಾಹ್ನದ ಹೊತ್ತಿಗೆ "ಸ್ಟ್ರಕ್ಚರ್ ನೀಡ್ಸ್ ಕ್ಲೀನಿಂಗ್" ಎಂದು, ಅಂದರೆ ಫೈಲ್‌ಸಿಸ್ಟಂ ಕೆಟ್ಟಿದೆ ಎಂದು, ಎರರ್ ಬರತೊಡಗಿತು.

"ಸಿಸ್ಟಂ ಐಡಿ ಹಾಕಿತ್ತಲ್ಲ, ಅದೇಕೆ ತಡೆಯಲಿಲ್ಲ?" ಎಂಬುದು ಎಲ್ಲರೂ ಕೇಳುವ ಪ್ರಶ್ನೆ. ಸಿಸ್ಟಂ ಐಡಿ ಎಂದರೆ ವಾಲ್ಯೂಮ್ ಗ್ರೂಪಿನ ಮೆಟಾಡೇಟಾದಲ್ಲಿ ಬರೆದಿಟ್ಟ ಒಡೆಯನ ಹೆಸರು, ಅಷ್ಟೇ. ನೀವು ಕೈಯಾರೆ ಲಾಜಿಕಲ್ ವಾಲ್ಯೂಮ್ ಆನ್ ಮಾಡಲು ಹೋದರೆ ಅದು ತಡೆಯುತ್ತದೆ. ಆದರೆ ಎಲ್‌ವಿಎಂ-ಆಕ್ಟಿವೇಟ್ ಏಜೆಂಟ್ ಶುರುವಾಗುವಾಗ ಬೇರೆಯವರ ಹೆಸರು ಕಂಡರೆ ಅದನ್ನು ಅಳಿಸಿ ತನ್ನ ನೋಡ್‌ನ ಹೆಸರು ಬರೆದುಕೊಳ್ಳುತ್ತದೆ. ಹಳೆಯ ನೋಡ್ ಅನ್ನು ಫೆನ್ಸಿಂಗ್ ಆಗಲೇ ಕೆಡವಿದೆ ಎಂಬ ನಂಬಿಕೆಯ ಮೇಲೆಯೇ ಅದು ಹಾಗೆ ಮಾಡುವುದು. ಫೆನ್ಸಿಂಗ್ ಇಲ್ಲದಿದ್ದರೆ ಆ ನಂಬಿಕೆಗೆ ಬುಡವೇ ಇಲ್ಲ.

ಐಪಿಎಂಐ ಫೆನ್ಸಿಂಗ್ (ಸರ್ವರ್‌ನೊಳಗಿನ ಬಿಎಂಸಿ ಎಂಬ ನಿಯಂತ್ರಣ ಚಿಪ್ ಮೂಲಕ ಅದನ್ನು ಆಫ್ ಮಾಡುವುದು) ಒಂದನ್ನೇ ನಂಬಿದರೂ ನಮ್ಮ ಕಡೆ ಸಾಲದು. ಸರ್ವರ್‌ಗೆ ಬರುವ ಕರೆಂಟೇ ಹೋದರೆ ಬಿಎಂಸಿಯೂ ಸಾಯುತ್ತದೆ. ಆಗ ಫೆನ್ಸಿಂಗ್ ಆಯಿತೆಂದು ಖಾತ್ರಿಯಾಗದೆ ಕ್ಲಸ್ಟರ್ ನಿಂತೇ ಇರುತ್ತದೆ. ಆದ್ದರಿಂದ ಎರಡನೇ ಹಂತವಾಗಿ ಫೆನ್ಸ್_ಎಂಪಾತ್ ಇಡಿ, ಮಲ್ಟಿಪಾತ್ (ಒಂದೇ ಡಿಸ್ಕ್‌ಗೆ ಹಲವು ದಾರಿ) ಇಲ್ಲದಿದ್ದರೆ ಫೆನ್ಸ್_ಸ್ಕಸಿ. ಇವು ಸ್ಕಸಿ-3 ಪರ್ಸಿಸ್ಟೆಂಟ್ ರಿಸರ್ವೇಶನ್ (ಯಾವ ನೋಡ್ ಬರೆಯಬಹುದೆಂದು ಸ್ಟೋರೇಜ್ ತಾನೇ ಕೀ ನೋಡಿ ತೀರ್ಮಾನಿಸುವ ವ್ಯವಸ್ಥೆ) ಬಳಸಿ ಬೇಡದ ನೋಡ್‌ನ ಕೀಯನ್ನು ಸ್ಟೋರೇಜ್‌ನಲ್ಲೇ ಕಿತ್ತುಹಾಕುತ್ತವೆ. ಆಮೇಲೆ ಆ ನೋಡ್ ಬರೆಯಲು ಹೋದರೂ ಡಿಸ್ಕ್ ಒಪ್ಪುವುದಿಲ್ಲ. ಫೆನ್ಸ್_ಎಂಪಾತ್‌ಗೆ ಮಲ್ಟಿಪಾತ್ ಕಾನ್ಫ್‌ನಲ್ಲಿ ಪ್ರತಿ ನೋಡ್‌ಗೂ ಬೇರೆ ರಿಸರ್ವೇಶನ್ ಕೀ ಬೇಕು, ಡಿವೈಸ್‌ಗೆ ಮೆಟಾ ಪ್ರೊವೈಡ್ಸ್ ಅನ್‌ಫೆನ್ಸಿಂಗ್ (ನೋಡ್ ಸೇರುವಾಗ ಅದರ ಕೀ ಮತ್ತೆ ಕೂರಿಸುವುದು) ಬೇಕು. ಕೀಗಳು ಕೂತಿವೆಯೇ ಎಂದು ಎಸ್‌ಜಿ_ಪರ್ಸಿಸ್ಟ್‌ನಲ್ಲಿ ನೋಡಿ. ಪಿಸಿಎಸ್ ಸ್ಟೋನಿತ್ ಕನ್ಫರ್ಮ್ (ಫೆನ್ಸಿಂಗ್ ಆಗಿದೆ ಎಂದು ಕ್ಲಸ್ಟರ್‌ಗೆ ಕೈಯಾರೆ ಹೇಳುವ ಆಜ್ಞೆ) ಎಂದು ಒತ್ತುವ ಮುನ್ನ ಆ ಸರ್ವರ್ ಆಫ್ ಆಗಿದೆಯೇ ಎಂದು ಎದ್ದು ಹೋಗಿ ಕಣ್ಣಾರೆ ನೋಡಿ, ಫೋನಿನಲ್ಲಿ ಕೇಳಿ ಒತ್ತಬೇಡಿ.

ಹಾರ್ಟ್‌ಬೀಟ್‌ಗೆ ಎರಡು ಲಿಂಕ್ ಇರಲಿ. ಒಂದು ಸರ್ವರ್‌ನಿಂದ ಸರ್ವರ್‌ಗೆ ನೇರ ಕೇಬಲ್ ಆದರೆ ಇನ್ನೂ ಒಳ್ಳೆಯದು.

ಬೂಟ್ ಆಗುವಾಗ ಎಲ್‌ವಿಎಂ ತಾನಾಗಿಯೇ ವಾಲ್ಯೂಮ್ ಆನ್ ಮಾಡಬಾರದು. ಆರ್‌ಎಚ್‌ಇಎಲ್ (ರೆಡ್ ಹ್ಯಾಟ್ ಲಿನಕ್ಸ್) 8.5ರಿಂದ ಈಚೆಗೆ ವಿಜಿಕ್ರಿಯೇಟ್ ಮಾಡುವಾಗಲೇ ಸೆಟ್-ಆಟೋಆಕ್ಟಿವೇಶನ್ ಎನ್ ಕೊಡಬಹುದು. ಹಳೆಯದರಲ್ಲಿ ಎಲ್‌ವಿಎಂ ಕಾನ್ಫ್‌ನ ಆಟೋ ಆಕ್ಟಿವೇಶನ್ ಪಟ್ಟಿಯಲ್ಲಿ ರೂಟ್ ಗ್ರೂಪ್ ಮಾತ್ರ ಬರೆಯಿರಿ. ಕಾನ್ಫ್ ಬದಲಿಸಿದ ಮೇಲೆ ಎರಡೂ ನೋಡ್‌ನಲ್ಲಿ ಡ್ರಾಕಟ್‌ನಿಂದ ಇನಿಟ್‌ರಾಮ್‌ಎಫ್‌ಎಸ್ (ಬೂಟ್‌ನ ಮೊದಲ ಹಂತದ ಫೈಲ್ ಕಟ್ಟು) ಮತ್ತೆ ಕಟ್ಟಿ ರೀಬೂಟ್ ಮಾಡಿ. ಇಲ್ಲದಿದ್ದರೆ ಬೂಟ್‌ನಲ್ಲಿ ಹಳೆಯ ಕಾನ್ಫೇ ನಡೆಯುತ್ತದೆ. ಆರ್‌ಎಚ್‌ಇಎಲ್ 9ರಲ್ಲಿ ಹೊಸ ಡಿಸ್ಕ್ ಸೇರಿಸಿ ಗ್ರೂಪ್ ದೊಡ್ಡದು ಮಾಡಿದರೆ ಎರಡನೇ ನೋಡ್‌ನಲ್ಲೂ ಎಲ್‌ವಿಎಂಡಿವೈಸಸ್‌ನಿಂದ ಅದನ್ನು ಸೇರಿಸಬೇಕು. ಮರೆತರೆ ಫೇಲ್‌ಓವರ್ (ಕೆಲಸ ಇನ್ನೊಂದು ನೋಡ್‌ಗೆ ಸಾಗುವ) ದಿನ ಆ ನೋಡ್‌ಗೆ ಡಿಸ್ಕ್ ಕಾಣುವುದೇ ಇಲ್ಲ.

ಎರಡೂ ಕಡೆ ಮೌಂಟ್ ಆಗಿಹೋಗಿದ್ದರೆ ಮೊದಲು ಕ್ಲಸ್ಟರ್ ಪೂರ್ತಿ ನಿಲ್ಲಿಸಿ. ಲಾಜಿಕಲ್ ವಾಲ್ಯೂಮ್ ಅನ್ನು ಒಂದೇ ನೋಡ್‌ನಲ್ಲಿ ಆನ್ ಮಾಡಿ, ಮೌಂಟ್ ಮಾಡದೆ, ಡಿಡಿಯಲ್ಲಿ ಬೇರೆ ಡಿಸ್ಕ್‌ಗೆ ಪೂರ್ತಿ ಕಾಪಿ ತೆಗೆಯಿರಿ. ವಿಜಿಸಿಎಫ್‌ಜಿರಿಸ್ಟೋರ್ ಓಡಿಸಬೇಡಿ. ಅದು ಎಲ್‌ವಿಎಂ ಮೆಟಾಡೇಟಾ ಮಾತ್ರ ತರುತ್ತದೆ, ಇಲ್ಲಿ ಕೆಟ್ಟಿರುವುದು ಅದಲ್ಲ. ಎಕ್ಸ್‌ಎಫ್‌ಎಸ್_ರಿಪೇರ್ ಅನ್ನು ಕಾಪಿಯ ಮೇಲೆ, ಮೊದಲು ಮೈನಸ್ ಎನ್ (ಏನೂ ಬದಲಿಸದೆ ಪರೀಕ್ಷೆ ಮಾತ್ರ) ಹಾಕಿ ಓಡಿಸಿ. ದೊಡ್ಡಕ್ಷರದ ಎಲ್ ಆಯ್ಕೆ ಲಾಗ್ ಅಳಿಸುತ್ತದೆ, ಬೇರೆ ದಾರಿ ಉಳಿಯದಾಗ ಮಾತ್ರ ಅದನ್ನು ಮುಟ್ಟಿ.