ಬೆರಳೋ, ಮೂರು ತಂತಿಯೋ: ನಾಡಿ ಎಣಿಸುವ ಎರಡು ಬೋರ್ಡುಗಳು

ಸಕ್ಕರೆ ಕಾಯಿಲೆ ಹಳೆಯದಾದವರಲ್ಲಿ ಹೃದಯದ ನರಗಳು ಸೊರಗಿವೆಯೇ ಎಂದು ತಿಳಿಯಲು ಸರಳ ಪರೀಕ್ಷೆಯೊಂದಿದೆ. ನಿಮಿಷಕ್ಕೆ ಆರು ಸಲದಂತೆ ದೀರ್ಘವಾಗಿ ಉಸಿರಾಡಿಸಿ, ಉಸಿರೆಳೆದಾಗ ಏರುವ ಬಡಿತಕ್ಕೂ ಬಿಟ್ಟಾಗ ಇಳಿಯುವ ಬಡಿತಕ್ಕೂ ಎಷ್ಟು ಅಂತರ ಎಂದು ನೋಡುವುದು. ಸಾಮಾನ್ಯವಾಗಿ ಅಂತರ ನಿಮಿಷಕ್ಕೆ 15 ಬಡಿತಕ್ಕಿಂತ ಹೆಚ್ಚಿದ್ದರೆ ಸರಿ, 10ಕ್ಕಿಂತ ಕಡಿಮೆಯಾದರೆ ಅನುಮಾನ. ಸಿದ್ಧ ಯಂತ್ರದ ಬೆಲೆ ಕೇಳಿ ಸುಮ್ಮನಾದ ನಾನು ಎಲೆಕ್ಟ್ರಾನಿಕ್ಸ್ ಬಿಡಿಭಾಗ ಮಾರುವ ಬೆಂಗಳೂರಿನ ಎಸ್.ಪಿ. ರಸ್ತೆಯಿಂದ ಬಡಿತ ಓದುವ ಎರಡು ಪುಟ್ಟ ಸರ್ಕ್ಯೂಟ್ ಬೋರ್ಡು ತಂದೆ. ನಾನು ವೈದ್ಯ, ಸೋಲ್ಡರಿಂಗ್ ಕಲಿತದ್ದೇ ಇದಕ್ಕಾಗಿ.

ಮ್ಯಾಕ್ಸ್30102 ಬೆರಳ ತುದಿಗೆ ಬೆಳಕು ಬಿಟ್ಟು ರಕ್ತದ ಏರಿಳಿತ ಓದುತ್ತದೆ. ಅಂಟಿಸುವುದಿಲ್ಲ, ಅಂಗಿ ಬಿಚ್ಚಿಸುವುದಿಲ್ಲ. ಅರ್ಧ ಗಂಟೆಯಲ್ಲಿ ಪರದೆಯ ಮೇಲೆ ಅಲೆ ಬಂತು. ಆದರೆ ಬೆರಳನ್ನು ಸ್ವಲ್ಪ ಒತ್ತಿದರೂ ಅಲೆ ಚಪ್ಪಟೆ, ಕೈ ತಣ್ಣಗಿದ್ದರೆ ಅಲೆಯೇ ಮಾಯ. ಕೊನೆಗೆ ಬಟ್ಟೆಗೆ ಹಾಕುವ ಕ್ಲಿಪ್ಪಿಗೆ ಸ್ಪಂಜು ಅಂಟಿಸಿ ಒತ್ತಡ ಒಂದೇ ಸಮ ಇರುವಂತೆ ಮಾಡಿಕೊಂಡೆ.

ನಿಜವಾದ ತೊಡಕು ಅದಲ್ಲ. ಬೋರ್ಡು ಅಲೆಯನ್ನು ಸೆಕೆಂಡಿಗೆ 100 ಸಲ ಅಳೆದರೆ ಒಂದು ಅಳತೆಯಿಂದ ಇನ್ನೊಂದಕ್ಕೆ ಹೆಜ್ಜೆ 10 ಮಿಲಿಸೆಕೆಂಡು. ನಿಮಿಷಕ್ಕೆ 75 ಬಡಿಯುವ ಹೃದಯದಲ್ಲಿ ಅಷ್ಟು ತಪ್ಪಿದರೆ ಲೆಕ್ಕದಲ್ಲಿ ಹೆಚ್ಚುಕಡಿಮೆ ಒಂದು ಬಡಿತ ಆಚೀಚೆ. ವೇಗವನ್ನು 400ಕ್ಕೆ ಏರಿಸಿದೆ. ಹೆಜ್ಜೆ ಕಿರಿದಾಯಿತು, ಆದರೆ ಬೆರಳಿನ ಅಲೆಯ ತುದಿಯೇ ದುಂಡಗೆ. ಎಲ್ಲಿ ಗುರುತು ಹಾಕುವುದು? ಮೇಲಾಗಿ ಹೃದಯದಿಂದ ಬೆರಳಿಗೆ ನಾಡಿ ತಲುಪುವ ಹೊತ್ತು ಕೂಡ ಉಸಿರಿನೊಂದಿಗೆ ಬದಲಾಗುತ್ತದೆ. ನಾನು ಅಳೆಯಹೊರಟದ್ದೂ ಉಸಿರಿನ ಪರಿಣಾಮವನ್ನೇ!

ಎರಡನೆಯ ಬೋರ್ಡು ಎಡಿ8232, ಹೃದಯದ ವಿದ್ಯುತ್ ಅಲೆ ಬರೆಯುವ ಮೂರು ತಂತಿಯ ಇಸಿಜಿ. ಇದರಲ್ಲಿ ಪ್ರತಿ ಬಡಿತಕ್ಕೂ ಏಳುವ ಎತ್ತರದ ಮೊನೆ, ಅಂದರೆ ಆರ್ ಅಲೆ, ಸೂಜಿಯಂತೆ ಚೂಪು, ಗುರುತಿಸಲು ತಕರಾರಿಲ್ಲ. ಮೊದಲ ದಿನ ನನ್ನದೇ ಅಲೆ ತಲೆಕೆಳಗಾಗಿ ಬಂದು, ಹೃದಯ ಬಲಕ್ಕೆ ಸರಿಯಿತೇನೋ ಎಂದು ಗಾಬರಿಯಾದೆ. ಎರಡು ಕೈಗಳ ತಂತಿ ಅದಲುಬದಲಾಗಿತ್ತು, ಅಷ್ಟೇ. ತಂತಿಯ ಬಣ್ಣ ಒಂದೊಂದು ಬೋರ್ಡಿನಲ್ಲಿ ಒಂದೊಂದು. ಬಣ್ಣ ನಂಬದೆ ಮಲ್ಟಿಮೀಟರ್ ಹಿಡಿದು ನೋಡಿ. ತಂತಿಯ ಅಂಟುಪಟ್ಟಿಗಳನ್ನು ಎದೆಗೆ ಅಂಟಿಸಿದಾಗ ದೀರ್ಘ ಉಸಿರಿಗೆ ಗೆರೆ ತೂಗಾಡುತ್ತಿತ್ತು, ತೋಳಿಗೆ ಬದಲಿಸಿದ ಮೇಲೆ ನಿಂತಿತು. ಗೆರೆಯನ್ನು ಮುಚ್ಚಿಹಾಕುತ್ತಿದ್ದ ಮನೆ ಕರೆಂಟಿನ 50 ಹರ್ಟ್ಸ್ ಗುಂಯ್ಗುಡಿತ ಲ್ಯಾಪ್‌ಟಾಪಿನ ಚಾರ್ಜರ್ ಕಿತ್ತ ಕೂಡಲೇ ಬಹುಪಾಲು ಇಳಿಯಿತು. ಚಾರ್ಜರ್ ಇರಲೇಬಾರದು ಕೂಡ: ಮನುಷ್ಯನಿಗೆ ತಂತಿ ಅಂಟಿಸಿದಾಗ ಇಡೀ ವ್ಯವಸ್ಥೆ ಬ್ಯಾಟರಿಯ ಮೇಲೆಯೇ ನಡೆಯಬೇಕು.

ಇದಕ್ಕೂ ಮಿತಿಯಿದೆ. ಬೋರ್ಡಿನ ಫಿಲ್ಟರ್ ನಿಧಾನದ ಏರಿಳಿತಗಳನ್ನು ಕತ್ತರಿಸುವುದರಿಂದ ಎಸ್‌ಟಿ ಭಾಗವನ್ನು, ಅಂದರೆ ಹೃದಯಾಘಾತದ ಸುಳಿವು ಹುಡುಕುವ ಗೆರೆಯ ತುಂಡನ್ನು, ನಂಬುವಂತಿಲ್ಲ. ಎದೆನೋವೆಂದು ಬಂದವರಿಗೆ ಇದನ್ನು ಅಂಟಿಸುವ ಯೋಚನೆಯೂ ಬೇಡ. ಅಂಟುಪಟ್ಟಿಯ ಖರ್ಚು ಬೇರೆ.

ಆದರೂ ಉಸಿರಿನ ಪರೀಕ್ಷೆಗೆ ನನ್ನ ಮತ ಎಡಿ8232ಕ್ಕೆ. ಬಿಸ್ಕತ್ತಿನ ತಗಡಿನ ಡಬ್ಬಿಯಲ್ಲಿ ಕೂರಿಸಿ ಕಲಿಕೆಗೆಂದು ನನ್ನ ಮೇಲೆ, ಒಪ್ಪಿದ ಸಹೋದ್ಯೋಗಿಗಳ ಮೇಲೆ ಓಡಿಸುತ್ತಿದ್ದೇನೆ. ರೋಗಿಯ ಕಡತಕ್ಕೆ ಇದರ ಅಂಕಿ ಇನ್ನೂ ಹೋಗಿಲ್ಲ. ಕ್ಲಿಪ್ಪಿನ ಮ್ಯಾಕ್ಸ್30102 ವಿದ್ಯಾರ್ಥಿಗಳ ಪಾಲಾಗಿದೆ. ಉಸಿರು ಬಿಗಿಹಿಡಿದು ಅಲೆ ಕುಣಿಸುವುದರಲ್ಲಿ ಅವರಿಗೆ ಪೈಪೋಟಿ.